ಓವನ್ನಿನಾಗ ಒಣಗಿದ ಶಾಲು

ನಮ್ಮ ಮನಿಯವರು ವೆಲ್ಡರ್. ಬೆಳಗಾವಿ ಕಡೆ ಮಚ್ಛೆದಾಗ ಕೆಲಸ ಕಲ್ತು, ಖಾನಾಪುರದ ಬಾಜು ಗ್ಯಾಸಿನ ಪೈಪ್‌ಲೈನಿಗೆ ಸೇರಿದ್ರು. ಲಗ್ನ ಆಗಿ ಮೊದಲನೇ ಮಳಿಗಾಲ, ನಾನೂ ಅಲ್ಲೇ ಬಾಡಿಗಿ ಖೋಲಿಯಾಗ ಇದ್ದೆ. ಖಾನಾಪುರದ ಮಳಿ ಅಂದ್ರ ಕೇಳಬ್ಯಾಡ್ರಿ, ಉಪ್ಪಿನ ಡಬ್ಬಿನೂ ನೀರು ಬಿಡತಿತ್ತು.

ಅವರ ಓವನ್ ಮಾತ್ರ ಯಾವಾಗಲೂ ಬೆಚ್ಚಗ. ವೆಲ್ಡಿಂಗ್ ಕಡ್ಡಿ ಒಣಗಿಸಿ ಇಡೂ ತಗಡಿನ ಡಬ್ಬಿ ಅದು. ಕೆಲಸ ಮುಗದ ಮ್ಯಾಲ ಖೋಲಿಗೇ ತಂದು ಕರೆಂಟಿಗೆ ಹಚ್ಚತಿದ್ರು. ಕಡ್ಡಿಗೆ ಹಸಿ ತಾಗಿದ್ರ ಆ ನೀರಿನಾಗಿನ ಹೈಡ್ರೋಜನ್ ಕಾದ ಉಕ್ಕಿನೊಳಗ ಹೊಕ್ಕು ಕುಂದರತೈತಂತ. ಮೆತ್ತನ ಕಬ್ಬಿಣ ಹೆಂಗೋ ತಡಕೋತೈತಿ. ಪೈಪಿನ ಗಟ್ಟಿ ಉಕ್ಕು ಮೊದಲು ಏನೂ ಆಗದಂಗ ಇದ್ದು, ಎರಡು ದಿನ ಬಿಟ್ಟು ಸೀಳತೈತಿ. ಅದಕ್ಕ ಆ ಡಬ್ಬಿ ಯಾರೂ ಮುಟ್ಟೂ ಹಂಗಿರಲಿಲ್ಲ. ಒಮ್ಮೆ ಅದರಾಗ ರೊಟ್ಟಿ ಇಡೂಣೇನ್ರಿ ಅಂದಿದ್ದಕ್ಕ ಪುಣ್ಯಾತ್ಮ ಉಣ್ಣೂತನಾ ಮಾತು ಬಿಟ್ಟಿದ್ರು.

ಅಂಥಾವರು, ನನಗ ಥಂಡಿ ಜ್ವರ ಬಂದಾಗ, ನನ್ನ ಒದ್ದಿ ಶಾಲು ಅದರಾಗ ಒಣಗಿಸಿ ಹೊದಿಸಿದ್ರು. ಕಡ್ಡಿ ಹೊರಗ ತಗದಿಡಬೇಕಿತ್ತು. ನನ್ನ ನಡುಕ ನೋಡಿ ಅದೂ ನೆನಪಾಗಲಿಲ್ಲ. ಮುಂಜಾನೆ ಅವೇ ಕಡ್ಡಿಲೆ ಒಂದು ಜಾಯಿಂಟ್ ಹಾಕಿದ್ರು. ಶಾಲಿನ ಹಸಿ ಕಡ್ಡಿಗೆ ತಾಗೇತಿ ಅಂತ ಮಧ್ಯಾಹ್ನ ಊಟಕ್ಕ ಕುಂತಾಗ ಹೊಳೀತಂತ. ಬುತ್ತಿ ಅಲ್ಲೇ ಬಿಟ್ಟು, ತಾವ ಹೋಗಿ ಸಾಹೇಬರ ಮುಂದ ಹೇಳಿದ್ರು. ಜಾಯಿಂಟ್ ಸೀಳಿದ್ರ ನೀ ಲೈನಿನ ಮ್ಯಾಲ ಇರಂಗಿಲ್ಲ ಅಂದ್ರಂತ ಸಾಹೇಬರು.

ಎರಡು ದಿನ ಇಬ್ಬರೂ ಕಾದಿವಿ. ಮಿಷನ್ ಹಚ್ಚಿ ನೋಡಿದ್ರ ಒಳಗ ಕೂದಲಿನಂಥಾ ಬಿರುಕು. ನಾನು ಅಳಾಕ ಹತ್ತಿದೆ. ಅವರು ನನ್ನ ಹಣಿ ಮುಟ್ಟಿ ನೋಡಿದ್ರು.

"ಉಕ್ಕಿಗೆ ಥಂಡಿ ಹತ್ತೇತಿ. ನಿನ್ನ ಜ್ವರ ಇಳದೈತಲ್ಲ, ಸಾಕು."

ಗಂಟು ಕಟಗೊಂಡು ಬೆಳಗಾವಿಗೆ ಬಂದಿವಿ. ಆಟೋ ನಗರದಾಗ ಗೇಟು, ಟ್ರಾಲಿ ಬೆಸಕೋತ ಬಾಳೇವು ಸಾಗೇತಿ ಅನ್ನೂದ್ರಾಗ ವರ್ಷ ಕಳದವು. ಪೈಪ್‌ಲೈನಿನ ಮಾತು ಬಂದ್ರ ಅವರ ಮಾರಿ ಸಣ್ಣಗಾಗತಿತ್ತು, ಖರೇ. ಆದ್ರ ನಿನ್ನ ಸಲುವಾಗಿ ಹೋತು ಅಂತ ಒಂದು ದಿನಾನೂ ಆಡಿ ತೋರಸಲಿಲ್ಲ.

ಹ್ವಾದ ಮಳಿಗಾಲದಾಗ ಅವರು ಹೋಗಿಬಿಟ್ರು. ಮಣ್ಣು ಮಾಡಿ ಬಂದಾಗ ನನ್ನ ಕಣ್ಣಾಗ ಒಂದು ಹನಿ ನೀರಿಲ್ಲ. ಭಾಳ ಗಟ್ಟಿ ಹೆಣ್ಣಮಗಳು ಅಂತ ಬಂದ ಮಂದಿ ಮಾತಾಡಕೊಂಡ್ರು. ಎರಡು ದಿನ ಬಿಟ್ಟು, ಅದೇ ಶಾಲು ಒದ್ದಿ ಆಗಿತ್ತು, ಒಣಗಿಸೂಣಂತ ಆ ಹಳೇ ಓವನ್ನಿನ ಮುಚ್ಚಳ ತಗದೆ. ಅವರು ಇಟ್ಟ ಕಡ್ಡಿ ಹಂಗ ಇದ್ದವು. ಒಂದೊಂದ ಹೊರಗ ತಗದಿಟ್ಟೆ. ಅಲ್ಲೇ ನೆಲದ ಮ್ಯಾಲ ಕುಂತು ಬಾಯಿ ಬಿಟ್ಟು ಅತ್ತೆ. ಹಣಿ ಮುಟ್ಟಿ ನೋಡೂ ಕೈ ಇರಲಿಲ್ಲ.