ಕಾಯಿಲ್ ಕಾದ ಮಧ್ಯಾಹ್ನ

ಬಸವಕಲ್ಯಾಣದಿಂದ ಹುಮನಾಬಾದಿನ ಕಡೆ ಹೊರಟರೆ, ಊರು ಮುಗಿಯುವಲ್ಲಿ ಒಂದು ತಗಡಿನ ಶೆಡ್ ಸಿಗುತ್ತದೆ. ಅದು ದಿಗಂಬರನ ಅಂಗಡಿ. ಬ್ರೇಕು, ಗಾಲಿ, ಎಂಜಿನ್ನು ಅವನು ಮುಟ್ಟುವುದಿಲ್ಲ. ಮೋಟರ್‌ಸೈಕಲ್ಲಿನ ಕರೆಂಟಿನ ಕೆಲಸ ಮಾತ್ರ. ಅದರಲ್ಲಿ ಅವನನ್ನು ಮೀರಿಸುವವರು ಎರಡೂ ತಾಲೂಕಿನಲ್ಲಿ ಇಲ್ಲ, ಬೇಕಾದರೆ ಯಾರನ್ನಾದರೂ ಕೇಳಿ ನೋಡಿ.

ಮೇ ತಿಂಗಳು ಬಂತೆಂದರೆ ಅವನ ಮುಂದೆ ಒಂದೇ ದೂರು. "ಮಿಸ್ತ್ರಿ, ದಾರ್ಯಾಗ ಒಮ್ಮೆಲೇ ಬಂದ್ ಬೀಳ್ತದ. ಅರ್ಧ ತಾಸು ಬಿಟ್ರ ತಾನಾ ಚಾಲೂ ಆಗ್ತದ. ದೆವ್ವ ಹೊಕ್ಕದೋ ಏನೋ!" ಬೇರೆ ಮಿಸ್ತ್ರಿಗಳು ಗಾಡಿಯನ್ನು ನೆರಳಿಗೆ ಎಳೆದು ನೋಡಿ, ಏನೂ ಆಗಿಲ್ಲವೆಂದು ಕೈ ತೊಳೆದುಕೊಳ್ಳುತ್ತಿದ್ದರು. ದಿಗಂಬರ ಹಾಗಲ್ಲ. ಗಾಡಿಯನ್ನು ಸುಡುಬಿಸಿಲಿಗೇ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಅದು ತಾನಾಗಿ ನಿಲ್ಲುವವರೆಗೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ. ನಿಂತ ಕೂಡಲೇ ಪ್ಲಗ್ ಬಿಚ್ಚಿ ಕಿಡಿ ನೋಡುವುದು. ಕಿಡಿ ಇಲ್ಲವೆಂದರೆ, ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವ ಕಾಯಿಲ್ ಮೇಲೆ ಒದ್ದೆ ಬಟ್ಟೆ. ಕಿಡಿ ಮರಳಿತೋ, ಕಳ್ಳ ಸಿಕ್ಕ. "ಕಾಯಿಲ್ ಹೋಗ್ಯದ್ರಿ. ಗರಂ ಆದ್ರ ಒಳಗಿನ ತಂತಿ ಕೈ ಕೊಡ್ತದ. ಹೊಸಾದು ಹಾಕಸ್ರಿ."

ಇಷ್ಟೆಲ್ಲ ಬಲ್ಲವನ ಸ್ವಂತ ಗಾಡಿಯ ಕಾಯಿಲ್ ಎರಡು ವರ್ಷದಿಂದ ಹೋಗಿತ್ತು. ಏನನ್ನಬೇಕು ಇಂಥವನಿಗೆ! ನಿಂತರೆ ಒಂದಿಷ್ಟು ನೀರು ಹಾಕುವುದು, ಮತ್ತೆ ಹೊರಡುವುದು. ಹೆಂಡತಿ ದ್ರೌಪತಿ ನಗುತ್ತ ಚುಚ್ಚುತ್ತಿದ್ದಳು: "ಮಂದಿಗೆಲ್ಲ ಹೊಸಾದು ಹಾಕಸ್ರಿ ಅಂತೀರಿ. ನಮ್ಮ ಗಾಡಿ ಏನ್ ಪಾಪ ಮಾಡ್ಯದ?"

"ಬರೋ ಐತವಾರ ಹಾಕ್ತೀನಿ ಬಿಡು" ಎನ್ನುತ್ತಿದ್ದ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಫೋನ್ ಬಂತು. ದ್ರೌಪತಿ ಮೋರಖಂಡಿಯ ಹತ್ತಿರ ಹೂಳೆತ್ತುವ ಕೂಲಿಗೆ ಹೋಗಿದ್ದಳು. ಜೊತೆಯಲ್ಲಿ ದುಡಿಯುವ ಜಗದೇವಿ ಅಳುತ್ತಿದ್ದಳು. "ಅಣ್ಣಾ, ಲಗೂನ ಬರ್ರಿ. ವೈನಿ ಚಕ್ಕರ ಬಂದು ಬಿದ್ದಾರ. ಮೈ ಕೆಂಡ ಆಗ್ಯದ, ಏನೇನೋ ಬಡಬಡಸಾಕತ್ತಾರ."

ಅವನು ಗಾಡಿಯನ್ನು ಓಡಿಸಿದ ರಭಸ ಆ ದಾರಿ ಅದುವರೆಗೆ ಕಂಡಿರಲಿಲ್ಲ. ಹೆಂಡತಿಯನ್ನು ನಡುವೆ ಕೂರಿಸಿ, ಹಿಂದಿನಿಂದ ಜಗದೇವಿ ಅವಳನ್ನು ತಬ್ಬಿ ಹಿಡಿದು, ಬಸವಕಲ್ಯಾಣದ ದವಾಖಾನೆಗೆ ಹೊರಟರು. ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಮುಂದೆ ಹಿಂದೆ ಒಂದು ನರಪಿಳ್ಳೆಯೂ ಇಲ್ಲ, ನೆರಳೂ ಇಲ್ಲ, ಹಾಳು ಬಿಸಿಲು. ಕಾಯಿಲ್ ಎಂದು ದಿಗಂಬರನಿಗೆ ಯಾರೂ ಹೇಳಬೇಕಿರಲಿಲ್ಲ. ಜಗದೇವಿಯ ಕೈಯಲ್ಲಿ ಅರ್ಧ ಬಾಟಲಿ ನೀರಿತ್ತು. ಅವಳು ಮುಚ್ಚಳ ತೆಗೆದು, ರಸ್ತೆ ಬದಿಗೆ ಇಳಿಸಿ ಮಲಗಿಸಿದ್ದ ದ್ರೌಪತಿಯ ತಲೆಯ ಕಡೆ ಬಗ್ಗಿದಳು.

"ಇಲ್ಲಿ ಕೊಡು" ಎಂದ ದಿಗಂಬರ.

"ಅಣ್ಣಾ, ವೈನಿ ತಲಿ ಮ್ಯಾಲ ಹಾಕ್ತೀನ್ರಿ. ಮೈ ಸುಡಾಕತ್ತದ."

"ಗಾಡಿ ಚಾಲೂ ಆದ್ರ ಹತ್ತು ಮಿನಿಟಿನ್ಯಾಗ ಡಾಕ್ಟರ್ ಮುಂದ ಇರ್ತೀವಿ. ಕೊಡಂದ್ರ ಕೊಡು!"

ಬಾಟಲಿ ಕಿತ್ತುಕೊಂಡು ಅಷ್ಟೂ ನೀರನ್ನು ಕಾಯಿಲ್ ಮೇಲೆ ಸುರಿದ. ಎರಡನೆಯ ಕಿಕ್ಕಿಗೆ ಗಾಡಿ ಎದ್ದಿತು. ಅವನಿಗೆ ಹೋದ ಜೀವ ಬಂದಂತಾಯಿತು. ದ್ರೌಪತಿಯ ಬಡಬಡಿಕೆ ನಿಂತದ್ದು ಅವನಿಗೆ ಸಮಾಧಾನವನ್ನೇ ತಂದಿತು, ಪಾಪ; ನಿದ್ದೆ ಹತ್ತಿರಬೇಕು ಅಂದುಕೊಂಡ. ಹೇಳಿದ ಹತ್ತು ನಿಮಿಷಕ್ಕೇ ದವಾಖಾನೆ ಮುಟ್ಟಿಸಿದ.

ಒಂದು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದರು. ಬಿಸಿಲು ಬಡಿದಿತ್ತು, ಉಳಿಸಲಿಕ್ಕೆ ಆಗಲಿಲ್ಲ ಎಂದರು. ಡಾಕ್ಟರು ಕಾಗದದಲ್ಲಿ ಏನೋ ಬರೆಯುತ್ತ ಕೇಳಿದರು: "ದಾರ್ಯಾಗ ಮೈ ಮ್ಯಾಲ, ತಲಿ ಮ್ಯಾಲ ನೀರು ಹಾಕಿದ್ರೇನು? ಮೊದಲು ಮೈ ತಣ್ಣಗ ಮಾಡ್ಬೇಕಿತ್ತು."

ಜಗದೇವಿ ನೆಲ ನೋಡುತ್ತ, "ನೀರ ಇರ್ಲಿಲ್ರಿ" ಅಂದಳು.

"ಇತ್ರಿ ಸಾಹೇಬ್ರ" ಅಂದ ದಿಗಂಬರ. "ನಾನೇ ಗಾಡಿಗೆ ಹಾಕ್ದೆ."