ನೀಲಗಂಗವ್ವನ ಗಾಡಿಗೆ ಎಥೆನಾಲ್

ಬೆಟಗೇರಿಯ ಒಂದು ಓಣಿಯ ತಿರುವಿನಲ್ಲಿ ದಾದಾಪೀರನ ಗ್ಯಾರೇಜಿದೆ. ಗ್ಯಾರೇಜು ಎಂಬುದು ಅವನಿಟ್ಟ ಹೆಸರು. ಹೆಂಡತಿ ಮಾಸುಮಬಿ ಅದನ್ನು ‘ಮೂರು ತಗಡು’ ಎಂದೇ ಕರೆಯುತ್ತಾಳೆ. ಐವತ್ತು ದಾಟಿದ ದಾದಾಪೀರ ಗಾಡಿಯೊಂದು ಓಣಿಗೆ ತಿರುಗುವಷ್ಟರಲ್ಲೇ ಅದರ ಸಪ್ಪಳ ಕೇಳಿ ಜಡ್ಡು ಯಾವುದೆಂದು ಹೇಳಿಬಿಡುತ್ತಾನೆ. ಅರ್ಧಕ್ಕರ್ಧ ಸಲ ಅದು ಖರೆಯೂ ಆಗುತ್ತದೆ. ಉಳಿದ ಸಲ ಗಾಡಿಯೇ ತಪ್ಪು ಸಪ್ಪಳ ಮಾಡಿತ್ತೆಂದು ಅವನ ವಾದ.

ಇಂಥ ದಾದಾಪೀರನ ಬಳಿಗೆ ಅವನ ಹಳೆಯ ಗಿರಾಕಿ, ಮಲ್ಲಸಮುದ್ರದ ನೀಲಗಂಗವ್ವ ತನ್ನ ಹಳೆಯ ಓಮ್ನಿಯನ್ನು ತಂದು ನಿಲ್ಲಿಸಿದಳು. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಮಾಡಿಸಿ, ಗದಗಿನ ಖಾನಾವಳಿಗಳಿಗೂ ಸುತ್ತಲಿನ ಮದುವೆಗಳಿಗೂ ಮುಟ್ಟಿಸುವುದು ಅವಳ ಕಸುಬು. ವಯಸ್ಸು ಅರವತ್ತರ ಮೇಲೆ. ಸೆರಗು ನಡಕ್ಕೆ ಸಿಗಿಸಿ ಗಾಡಿ ತಾನೇ ಓಡಿಸುತ್ತಾಳೆ. ಹಾರ್ನ್ ಹಾಕುವುದಿಲ್ಲ, ಕಿಟಕಿಯಿಂದ ಬೈಯುತ್ತಾಳೆ. ಅದು ಹಾರ್ನಿಗಿಂತ ದೂರ ಕೇಳುತ್ತದೆ.

“ದಾದಾ, ಈ ಗಾಡಿನ್ನ ಎಥೆನಾಲ್ ಮ್ಯಾಲೆ ಓಡುವಂಗ ಮಾಡಾಕ ಬರತೈತೇನು ನಿನಗ?”

ಬರುತ್ತಿರಲಿಲ್ಲ. “ಅದೇನ್ ಮಹಾ ಬಿಡ್ರಿ ಅವ್ವಾರ” ಎಂದ ದಾದಾಪೀರ.

“ನನ್ನ ಹೊಲದ ಗೋವಿನಜ್ವಾಳ ಲಾರಿ ತುಂಬಿ ಫ್ಯಾಕ್ಟರಿಗೆ ಹೊಕ್ಕೈತಿ. ಅಲ್ಲಿ ಎಥೆನಾಲ್ ಆಗಿ ಯಾರ್‍ಯಾರದೋ ಗಾಡಿ ಹೊಟ್ಟಿಗೆ ಬೀಳತೈತಿ. ನನ್ನ ಗಾಡಿ ಏನ್ ಪಾಪ ಮಾಡೇತಿ? ಆದ್ರ ಒಂದ ಮಾತು ನೋಡು. ಬೇಕಾದ್ದು ಬದಲಿ ಮಾಡು, ಟ್ಯಾಂಕಿಗೆ ಮಾತ್ರ ಕೈ ಹಚ್ಚಬ್ಯಾಡ.”

“ಯಾಕ್ರಿ?”

“ಬ್ಯಾಡ ಅಂದ್ನೆಲ್ಲ. ಅದು ಹಂಗ ಇರಲಿ.”

ದಾದಾಪೀರ ಒಳಗೊಳಗೇ ನಕ್ಕ. ಗಿರಾಕಿಗಳಿಗೆ ಒಂದೊಂದು ಹುಚ್ಚು. ಒಬ್ಬರು ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮುಟ್ಟಗೊಡುವುದಿಲ್ಲ, ಇನ್ನೊಬ್ಬರು ಸೀಟಿನ ಪ್ಲಾಸ್ಟಿಕ್ ತೆಗೆಯಗೊಡುವುದಿಲ್ಲ. ಇವಳಿಗೆ ಟ್ಯಾಂಕು, ಆಗಲಿ.

ಆ ದಿನದಿಂದ ಅವನು ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದ. ಊಟಕ್ಕೆ ಕುಳಿತಾಗಲೂ ಕೈಯಲ್ಲಿ ಮೊಬೈಲು. “ಮದ್ಲ ಬಾಯಾಗಿನ ತುತ್ತು ನುಂಗ್ರಿ, ಆಮ್ಯಾಲೆ ಆ ಕಾರ್ಬುರೇಟರ್ ನೋಡೀರಂತ” ಎಂದು ಮಾಸುಮಬಿ ಗದರಿಸಿದಳು. ಅಂತೂ ಇಷ್ಟು ತಿಳಿಯಿತು: ಎಥೆನಾಲಿಗೆ ಪೆಟ್ರೋಲಿನಷ್ಟು ಕಸುವಿಲ್ಲ, ಹಾಗಾಗಿ ಇಂಜಿನ್ನಿಗೆ ಜಾಸ್ತಿ ಬೇಕು, ಕಾರ್ಬುರೇಟರಿನಲ್ಲಿ ಇಂಧನ ಚಿಮ್ಮಿಸುವ ಜೆಟ್ಟಿನ ತೂತು ದೊಡ್ಡದಾಗಬೇಕು, ಕಿಡಿ ತುಸು ಮುಂಚೆ ಹಾರಬೇಕು, ಹಳೆಯ ರಬ್ಬರ್ ಪೈಪುಗಳನ್ನು ಅದು ತಿಂದುಹಾಕುತ್ತದೆ, ಅವನ್ನೆಲ್ಲ ಬದಲಿಸಬೇಕು. ಚಳಿಯ ಮುಂಜಾನೆ ಗಾಡಿ ಏಳಲು ಹಟ ಮಾಡಿದರೆ ನಾಲ್ಕು ಹನಿ ಪೆಟ್ರೋಲ್ ಕುಡಿಸಿ ಎಬ್ಬಿಸಬೇಕು. ಮಾಸುಮಬಿ ಚಹಾ ತರುವ ತನಕ ತಾನೂ ಏಳುವುದಿಲ್ಲವಾದ್ದರಿಂದ ಈ ಕೊನೆಯ ಮಾತು ದಾದಾಪೀರನಿಗೆ ಬಹಳ ಸಹಜವೆನಿಸಿತು.

ಇದಕ್ಕೆ ಬೇಕಾದ ಆರ್‌ಟಿಓ ಕಚೇರಿಯ ಒಪ್ಪಿಗೆಯನ್ನು ನೀಲಗಂಗವ್ವನೇ ಓಡಾಡಿ ತಂದಳು. ದಾದಾಪೀರ ಎರಡು ಜೆಟ್ಟು ಕೆಡಿಸಿ ಮೂರನೆಯದನ್ನು ಸರಿಮಾಡಿದ. ಬಾಟಲಿಯಿಂದಲೇ ಎಥೆನಾಲ್ ಕುಡಿಸಿ ನೋಡಿದಾಗ ಗಾಡಿ ಕೆಮ್ಮಿತು, ಸೀನಿತು, ಕೊನೆಗೆ ಓಡಿತು. ಚಹಾದಂಗಡಿಯ ನಜೀರಸಾಬ ಕೂಗಿ ಹೇಳಿದ: “ಏ ದಾದಾ, ನೀ ಹುಟ್ಟಿದಾಗಿಂದ ಒಂದ ಹನಿ ಮುಟ್ಟಿದಾಂವಲ್ಲ. ಮುದಿ ಗಾಡಿಗೆ ಕುಡಿಯಾಕ ಕಲಿಸಿದಿಯಲ್ಲೋ!”

ದಾದಾಪೀರ ಉಬ್ಬಿಹೋದ. ತೆಗೆದ ಹಳೆಯ ಜೆಟ್ಟನ್ನು ತೊಳೆದು ಗ್ಯಾರೇಜಿನ ಹಲಗೆಯ ಮೇಲೆ ಗೆದ್ದ ಕಪ್ಪಿನ ಹಾಗೆ ಇಟ್ಟು, ಬಂದವರಿಗೆಲ್ಲ ತೋರಿಸಿದ. ಪಂಕ್ಚರ್ ತಿದ್ದಿಸಲು ಬಂದವರೂ ಅದನ್ನು ನೋಡಿಯೇ ಹೋಗಬೇಕಾಯಿತು.

ಲಕ್ಷ್ಮೇಶ್ವರದ ದೊಡ್ಡ ಮದುವೆಯೊಂದಕ್ಕೆ ರೊಟ್ಟಿ ಒಯ್ಯುವುದೇ ಮೊದಲ ದೂರದ ಸವಾರಿ ಎಂದಾಯಿತು. ಹಿಂದಿನ ದಿನವೇ ಎಥೆನಾಲ್ ಮಾರುವ ಪಂಪಿನಲ್ಲಿ ಟ್ಯಾಂಕಿನ ತುಂಬ ಹಾಕಿಸಿ ಇಟ್ಟರು. ಮುಂಜಾನೆ ಗಾಡಿಯ ತುಂಬ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು. ಸ್ಟೇರಿಂಗಿನ ಮುಂದೆ ನೀಲಗಂಗವ್ವ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ದಾದಾಪೀರ. ಮಧ್ಯಾಹ್ನದ ಪಂಕ್ತಿಗೆ ರೊಟ್ಟಿ ಮುಟ್ಟಬೇಕು. ಇಷ್ಟು ವರ್ಷಗಳಲ್ಲಿ ಅವಳ ರೊಟ್ಟಿ ತಡವಾಯಿತೆಂದು ಯಾವ ಪಂಕ್ತಿಯೂ ಕಾಯ್ದಿರಲಿಲ್ಲ. ಆ ಹೆಸರಿನಿಂದಲೇ ಅವಳ ಮನೆಯೂ, ರೊಟ್ಟಿ ಬಡಿಯುವ ಅಷ್ಟೂ ಹೆಣ್ಣುಮಕ್ಕಳ ಮನೆಯೂ ನಡೆಯುತ್ತಿದ್ದವು.

ಮುಳಗುಂದ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಓಮ್ನಿ ಮೂರು ಸಲ ಬಿಕ್ಕಿ ನಿಂತಿತು.

ದಾದಾಪೀರ ಸೀಟು ಎತ್ತಿ ಕಾರ್ಬುರೇಟರ್ ಬಿಚ್ಚಿದ. ಒಳಗೆ ಬೆಳ್ಳಗಿನ ಲೋಳೆ. ಬೆರಳಿಗೆ ಹಚ್ಚಿ ಮೂಸಿ ನೋಡಿದರೆ ಗಮ್ಮೆಂದು ಚಂದನದ ವಾಸನೆ! ಮೂವತ್ತು ವರ್ಷದ ಕಸುಬಿನಲ್ಲಿ ಯಾವ ಇಂಜಿನ್ನೂ ಅವನಿಗೆ ಹೀಗೆ ಘಮಘಮಿಸಿರಲಿಲ್ಲ. ಗಾಡಿಯ ಕೆಳಗೆ ಬಗ್ಗಿ ನೋಡಿದ. ಟ್ಯಾಂಕಿನ ತಳದಿಂದ ಎಥೆನಾಲ್ ಜಿನುಗಿ ಎರೆಮಣ್ಣಿಗೆ ಬೀಳುತ್ತಿತ್ತು. ಅಂಗಿಯ ಇಸ್ತ್ರಿ ಮರೆತು ಕೆಳಗೆ ನುಸುಳಿ, ವರ್ಷಗಟ್ಟಲೆ ಮೆತ್ತಿದ್ದ ಗ್ರೀಸು, ಕೆಸರು ಕೆರೆದ. ಒಳಗೊಂದು ಬಟ್ಟೆ, ಬಟ್ಟೆಯ ಒಳಗೆ ಕರಗಿ ಉಳಿದ ಸಾಬೂನಿನ ಚೂರು.

ಟ್ಯಾಂಕು ಸೋರಿದರೆ ಸಾಬೂನು ತಿಕ್ಕಿ ಮುಚ್ಚುವುದು ನಮ್ಮ ಕಡೆಯ ಹಳೆಯ ಉಪಾಯ. ಪೆಟ್ರೋಲಿಗೆ ಸಾಬೂನು ಕರಗುವುದಿಲ್ಲ. ಎಥೆನಾಲಿಗೆ ಕರಗುತ್ತದೆ. ಇದನ್ನು ಯಾವ ವಿಡಿಯೋದವನೂ ಹೇಳಿರಲಿಲ್ಲ. ಅವರ ಊರಿನಲ್ಲಿ ಟ್ಯಾಂಕಿಗೆ ಯಾರೂ ಸಾಬೂನು ಹಚ್ಚುವುದಿಲ್ಲವೇನೋ.

ಕೆಳಗಿನಿಂದಲೇ ದಾದಾಪೀರ ಕೂಗಾಡಿದ. “ಯಾವ ಹುಚ್ಚನ ಕೆಲಸಾರೀ ಇದು! ಟ್ಯಾಂಕ್ ಸೋರಿದ್ರ ಬೆಸಿಗಿ ಹಾಕಸ್ತಾರ, ಸಾಬಾಣ ಹಚ್ಚಿ ಹಂಗ ಬಿಡತಾರೇನ್ರೀ? ಅವನ ಕೈಗೆ ಪಾನಾ-ಪಕ್ಕಡ ಕೊಟ್ಟಾಂವ ಯಾಂವ? ಹಿಂಥಾವ್ರಿಂದನ ನಮ್ಮ ಕಸುಬಿಗೆ ಕಿಮ್ಮತ್ತಿಲ್ಲದಂಗ ಆಗೇತಿ!”

“ಹುಚ್ಚ ಅನಬ್ಯಾಡ ಅವಗ” ಎಂದಳು ನೀಲಗಂಗವ್ವ.

“ಮತ್ತೇನ್ ಶಾಣ್ಯಾ ಅನ್ನಲಿ?”

“ಅದನ್ನ ಹಚ್ಚಿದಾಂವ ನೀನ ಅದಿ.”

ಗಾಡಿಯ ಕೆಳಗಿನಿಂದ ದಾದಾಪೀರನ ತಲೆ ಹೊರಗೆ ಬಂತು.

“ನೆಪ್ಪಿಲ್ಲ ನಿನಗ. ಹನ್ನೆರಡು ವರ್ಷ ಆತು. ನನ್ನ ಮಗಳು ವನಿತಾನ್ನ ಹಡ್ಯಾಕಂತ ಶಿರಹಟ್ಟಿಯಿಂದ ಗದಗಿಗೆ ಕರಕೊಂಡು ಹೊಂಟಿದ್ದೆ. ದಾರ್‍ಯಾಗ ಕಲ್ಲು ಬಡದು ಟ್ಯಾಂಕ್ ಸೋರಾಕ ಹತ್ತಿತು. ಹಿಂದ ಹುಡುಗಿ ಚೀರಾಕತ್ತಾಳ, ಮುಂದ ನಾ ಬರೋ ಗಾಡಿಗೆಲ್ಲ ಕೈ ಮಾಡಾಕತ್ತೀನಿ. ಅಷ್ಟೊತ್ತಿಗೆ ನೀ ಮೋಟಾರ್‌ಸೈಕಲ್ ಮ್ಯಾಲೆ ಎದುರಿಗೆ ಬಂದಿ. ಚೀಲದಾಗಿಂದ ಚಂದನದ ಸಾಬಾಣ ತಗದಿ, ನಿನ್ನ ಟಾವೆಲ್ ಹರದಿ, ಇಲ್ಲೇ ಹಿಂಗ ಅಡ್ಡ ಬಿದ್ದು ಹಚ್ಚಿದಿ. ‘ನಡೀರಿ ಅವ್ವಾರ, ಜಲ್ದಿ ನಡೀರಿ’ ಅಂದಿ. ದವಾಖಾನಿ ಮೆಟ್ಟಲ ಹತ್ತೂದ ತಡ, ಮೊಮ್ಮಗಳು ಶಿವರಂಜನಿ ಹುಟ್ಟಿದ್ಲು. ಈಗ ಶಾಲ್ಯಾಗ ಓಟದಾಗ ಮದಲನೇದಾಕಿ.”

ದಾದಾಪೀರನಿಗೆ ಈಗ ನೆನಪಾಯಿತು. ಹೆಣ್ಣುಮಗಳ ಮುಖವಲ್ಲ, ಗಾಡಿಯೂ ಅಲ್ಲ. ಮೊದಲು ನೆನಪಾದದ್ದು ಸಾಬೂನು. ಅದು ಮಾಸುಮಬಿ ತನ್ನ ತಾಯಿಗೆಂದು ಕೊಟ್ಟು ಕಳಿಸಿದ್ದು. ಅತ್ತೆಯ ಮನೆ ಮುಟ್ಟುವಷ್ಟರಲ್ಲಿ ಚೀಲದಲ್ಲಿ ಬರೀ ಕಾಗದ ಉಳಿದಿತ್ತು. ಅವನು ನಡೆದದ್ದನ್ನು ಹೇಳಿದರೂ ಮಾಸುಮಬಿ ನಂಬಿರಲಿಲ್ಲ. ದಾರಿಯ ಬಾವಿಯಲ್ಲಿ ಗಂಡ ಚೈನಿಯಿಂದ ಜಳಕ ಮಾಡಿದನೆಂದೇ ಇವತ್ತಿಗೂ ತಿಳಿದಿದ್ದಳು.

“ಅದಕ್ಕ ಟ್ಯಾಂಕ್ ಮುಟ್ಟಬ್ಯಾಡ ಅಂದಿರೇನ್ರಿ?”

“ಹೂಂ. ಎಷ್ಟೋ ಮಂದಿ ಬೆಸಿಗಿ ಹಾಕತೀವಿ ಅಂದ್ರು. ನಾ ಕೊಡಲಿಲ್ಲ. ನಿನ್ನ ಗ್ಯಾರೇಜಿಗೆ ಬರಾಕ ಹತ್ತಿದ್ದೂ ಅದಕ್ಕನ. ನಿನಗ ಗುರ್ತ ಸಿಗಲಿಲ್ಲ, ನಾ ಹೇಳಲಿಲ್ಲ. ಹೇಳಿದ್ರ ನೀ ರೊಕ್ಕ ಕಮ್ಮಿ ತಗೊಂತಿದ್ದಿ.”

ಮಾತು ಕೇಳಿ ದಾದಾಪೀರ ಮತ್ತೆ ಗಾಡಿಯ ಕೆಳಗೆ ನುಸುಳಿ, ಕೆರೆದ ಜಾಗವನ್ನೇ ಇನ್ನೊಮ್ಮೆ ಕೆರೆದ. “ಈಗ ಮತ್ತ ಸಾಬಾಣ ಎಲ್ಲಿಂದ ತರೂದ್ರಿ?” ಎಂದ.

ನೀಲಗಂಗವ್ವ ತನ್ನ ಕೈಚೀಲ ತೆರೆದು ಚಂದನದ ಸಾಬೂನೊಂದನ್ನು ಕೆಳಗೆ ಚಾಚಿದಳು. ಕಾಗದ ಇನ್ನೂ ಬಿಚ್ಚಿರಲಿಲ್ಲ. “ಆವತ್ತಿನಿಂದ ಒಂದು ಇಟ್ಟಕೊಂಡ ಅಡ್ಡಾಡತೀನಿ. ದಾರ್‍ಯಾಗ ಯಾರಿಗರ ಬೇಕಾಗತೈತಿ ಅಂತ. ನಿನಗ ಬೇಕಾಗತೈತಿ ಅಂತ ಅನ್ಕೊಂಡಿರಲಿಲ್ಲ ಬಿಡು.”

ಉಳಿದ ಎಥೆನಾಲನ್ನು ಖಾಲಿ ಕ್ಯಾನಿಗೆ ಇಳಿಸಿ, ಸಾಬೂನು ತಿಕ್ಕಿ, ಈ ಸಲವೂ ತನ್ನದೇ ಟವೆಲ್ ಹರಿದು ದಾದಾಪೀರ ತೂತು ಮುಚ್ಚಿದ. ಕಾರ್ಬುರೇಟರ್ ತೊಳೆದ. ಸಾಬೂನು ಮತ್ತೆ ಕರಗದಿರಲು ಇನ್ನು ಬೇಕಾದದ್ದು ಪೆಟ್ರೋಲು. ಅದೇ ಮದುವೆಗೆ ಹೊರಟಿದ್ದ ಸೋಮೇಶ ಮಾಸ್ತರ ಬೈಕು ನಿಲ್ಲಿಸಿ ಪೈಪು ಬಿಚ್ಚಿದರು. ಅವರನ್ನು ನೋಡಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು ನಿಂತರು. ಯಾರೂ ರೊಕ್ಕ ಕೇಳಲಿಲ್ಲ. “ರೊಟ್ಟಿ ನಮ್ಮ ಪಂಕ್ತಿಗೇ ಅಲ್ಲೇನ್ರಿ? ಹಂಗಾರ ಇದು ನಮ್ಮ ಹೊಟ್ಟಿ ಪ್ರಶ್ನೆ” ಎಂದು ಮಾಸ್ತರರು ಬಾಟಲಿ ಬಗ್ಗಿಸಿದರು.

ಆದರೆ ಹಳೆಯ ಜೆಟ್ಟು ಗ್ಯಾರೇಜಿನ ಹಲಗೆಯ ಮೇಲೆ ಮೆರೆಯುತ್ತಿತ್ತು. ದೊಡ್ಡ ತೂತಿನ ಜೆಟ್ಟಿಗೆ ಪೆಟ್ರೋಲ್ ಬಿದ್ದದ್ದೇ ತಡ, ಓಮ್ನಿ ಇಟ್ಟಿಗೆ ಭಟ್ಟಿಯಂತೆ ಕರಿ ಹೊಗೆ ಬಿಡುತ್ತ ಲಕ್ಷ್ಮೇಶ್ವರದ ಪೇಟೆಯನ್ನು ಹೊಕ್ಕಿತು. ಮದುವೆಯ ಮನೆಯವರು ಬೆಂಕಿ ಹತ್ತಿದೆ ಎಂದು ಕೊಡ ಹಿಡಿದು ಓಡಿಬಂದರು. ನೀರು ಸುರಿಯುವ ಮೊದಲೇ ನೀಲಗಂಗವ್ವ ಕಿಟಕಿಯಿಂದ ಬೈದಳು, ರೊಟ್ಟಿ ಉಳಿದವು. ಎಲೆ ಹಾಸುತ್ತಿದ್ದಾಗಲೇ ಬುಟ್ಟಿಗಳು ಒಳಗೆ ಹೋದವು. ಮೊದಲ ಪಂಕ್ತಿಯಲ್ಲೇ ದಾದಾಪೀರನನ್ನು ಕೂಡಿಸಿ ಅವಳೇ ನಿಂತು ಬಡಿಸಿದಳು. ಕರಿ ಮೋರೆ, ಹರಿದ ಟವೆಲು, ಮೈಯೆಲ್ಲ ಚಂದನದ ಪರಿಮಳ. ಪಕ್ಕದವರು ಅವನನ್ನು ಬೀಗರ ಕಡೆಯವನಿರಬೇಕೆಂದು ತಿಳಿದು ಎರಡೆರಡು ಸಲ ಉಪಚಾರ ಮಾಡಿದರು.

ವಾರದೊಳಗೆ ಓಮ್ನಿಗೆ ಬೇರೆ ಟ್ಯಾಂಕು ಬಂತು. “ಎಥೆನಾಲ್ ಬಿಡಬ್ಯಾಡ. ತಪ್ಪು ಅದರದ್ದಲ್ಲ, ನಿಂದೂ ಅಲ್ಲ” ಎಂದು ನೀಲಗಂಗವ್ವ ಕೆಲಸ ಮುಂದುವರಿಸಲು ಹೇಳಿದಳು. ಈಗ ಗಾಡಿ ದಿನವೂ ಅವಳ ಗೋವಿನಜೋಳದ ಹುರುಪಿನಲ್ಲಿ ಗದಗಿಗೆ ಬಂದುಹೋಗುತ್ತದೆ. ಹಳೆಯ ಟ್ಯಾಂಕು ಅವಳ ಹಿತ್ತಲಲ್ಲಿದೆ, ಮಾರಲಿಲ್ಲ.

ಒಂದು ಸಂಜೆ ಅವಳೇ ಬೆಟಗೇರಿಯ ಮನೆಗೆ ಬಂದು ಮಾಸುಮಬಿಯ ಮುಂದೆ ಎಲ್ಲವನ್ನೂ ಹೇಳಿ, ರೊಟ್ಟಿಯ ಗಂಟಿನ ಮೇಲೆ ಒಂದು ಚಂದನದ ಸಾಬೂನು ಇಟ್ಟಳು. ಮಾಸುಮಬಿ ಸಾಬೂನನ್ನು ಎತ್ತಿ ಮೂಸಿ ಗಂಡನ ಕಡೆ ತಿರುಗಿದಳು.

“ಖರೆನ ಹೇಳಿದ್ರಿ ಹಂಗಾರ” ಎಂದಳು. ಆಮೇಲೆ ಸಾಬೂನನ್ನು ಅವನ ಕೈಗೆ ಕೊಟ್ಟು, “ಹೋಗ್ರಿ, ಇದರಾಗ ನೀವ ಜಳಕ ಮಾಡ್ರಿ. ಹನ್ನೆರಡು ವರ್ಷ ಸುಳ್ಳ ಬೈಸ್ಕೊಂಡೀರಿ” ಎಂದಳು.

ದಾದಾಪೀರ ಜಳಕ ಮಾಡಿದ. ಆದರೆ ಅರ್ಧ ಸಾಬೂನು ಕತ್ತರಿಸಿ ತನ್ನ ಮೋಟಾರ್‌ಸೈಕಲ್ಲಿನ ಚೀಲದಲ್ಲಿ ಮೊದಲೇ ಇಟ್ಟಿದ್ದ.