ಚೌರಪ್ಪ ಸ್ವಾಮಿಗಳು ಮೆಟ್ಟಿಲು ಇಳಿಯದ ದಿನ

ತಮಿಳುನಾಡಿನ ಗಡಿಯಲ್ಲಿರುವ ಗುಮ್ಮಳಾಪುರದ ಹತ್ತಿರದ ಹಳ್ಳಿಯೊಂದರ ಕಲ್ಲುಕುಟಿಗ ಇನ್ನಾಸಪ್ಪನ ಮಗ ಚೌರಪ್ಪ, ಪಾದ್ರಿಯಾಗಿ ದಕ್ಷಿಣ ಸುಡಾನಿಗೆ ಹೋದಾಗ ಅವರಿಗೆ ಮೂವತ್ತೊಂದು ವರ್ಷ. ದನಕ್ಕಾಗಿ, ನೀರಿಗಾಗಿ ಅಲ್ಲಿ ಎರಡು ಬುಡಕಟ್ಟಿನವರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಚೌರಪ್ಪ ಎರಡೂ ಕಡೆಯ ಭಾಷೆ ಕಲಿತರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಿ ಬೆಳೆದವರಿಗೆ ಅದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ಜನರ ನಂಬಿಕೆ ಗಳಿಸುವುದು. ಅದಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಕೊನೆಗೊಮ್ಮೆ ಎರಡೂ ಕಡೆಯ ಹಿರಿಯರು ಆಯುಧ ಬಿಟ್ಟು ನದಿ ದಂಡೆಯಲ್ಲಿ ಕೂತು ಮಾತಾಡಲು ಒಪ್ಪಿದರು. ಯಾರಿಗೂ ಏನೂ ಆಗುವುದಿಲ್ಲವೆಂದು ಚೌರಪ್ಪ ಮಾತು ಕೊಟ್ಟಿದ್ದರು.

ಮಾತುಕತೆ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ರಾಜಿ ಬೇಡವೆಂದಿದ್ದ ಕೆಲವರು ಜೊಂಡಿನ ಮರೆಯಿಂದ ಗುಂಡು ಹಾರಿಸಿದರು. ಐವರು ಹಿರಿಯರು ಸತ್ತರು. ಚೌರಪ್ಪನವರ ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಅವರನ್ನು ಅಲ್ಲಿಗೆ ಕಳಿಸಿದ್ದ ಪಾದ್ರಿಗಳ ಸಂಘದವರು ವಾಪಸು ಕರೆಸಿ, ಹೊಸೂರಿನ ಬಳಿಯ ಸಾನಮಾವು ಕಾಡಿನಂಚಿನ ಪುಟ್ಟ ಚರ್ಚಿಗೆ ಹಾಕಿದರು. ಭಾನುವಾರದ ಪ್ರಾರ್ಥನೆಯಾದ ಬಲಿಪೂಜೆಯಲ್ಲಿ "ಪ್ರಭುವಿನ ಶಾಂತಿ ನಿಮ್ಮೊಂದಿಗಿರಲಿ" ಎನ್ನಬೇಕಾದಾಗ ಅವರ ಬಾಯಿ ಕಟ್ಟುತ್ತಿತ್ತು. ಜನ ಕಾಯುತ್ತಿದ್ದರು. ಕೆಲವು ಭಾನುವಾರ ಆ ಮಾತು ಹೊರಡುತ್ತಲೇ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಆನೆ ಹಿಂಡು ಬಂತು. ಒಂದು ಹಳ್ಳಿಯವರು ಪಟಾಕಿ ಹೊಡೆದು ತಮ್ಮ ರಾಗಿ ಹೊಲದಿಂದ ಅವನ್ನು ಓಡಿಸಿದರು. ಅವು ಪಕ್ಕದ ಹಳ್ಳಿಗೆ ನುಗ್ಗಿ ಮುನಿಯಲ್ಲಪ್ಪನೆಂಬ ರೈತನನ್ನು ತುಳಿದು ಸಾಯಿಸಿದವು. ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅವನ ಹೆಂಡತಿ ನಾಗವೇಣಿ ಚರ್ಚಿಗೆ ಓಡಿಬಂದಳು.

"ಸಾಮಿ, ನನ್ ಮೈದ್ನ ಚಲಪತಿ ಮಚ್ಚು ತಗೊಂಡು ಆ ಪಟಾಕಿ ಹೊಡ್ದೋರ ಹಳ್ಳಿಗೆ ಹೊಂಟವ್ನೆ. ಹೊರದೇಸದಾಗೇ ರಾಜಿ ಮಾಡ್ಸಿದೋರಂತೆ ನೀವು. ಒಸಿ ಬಂದು ಒಂದ್ ಮಾತೇಳಿ."

"ನನ್ ಮಾತು ನಂಬಿ ಬಂದೋರು ಐದು ಜನ ಸತ್ರು ಕಣಮ್ಮ. ನಾನ್ ಬರಲ್ಲ. ಪೊಲೀಸರಿಗೆ ಫೋನ್ ಮಾಡ್ತೀನಿ."

"ಅವ್ರು ಹೊಸೂರಿಂದ ಬರೋ ಹೊತ್ಗೆ ಎಲ್ಲಾ ಮುಗ್ದೋಗಿರ್ತದೆ ಸಾಮಿ!"

ಅವಳು ಕಾಲು ಹಿಡಿದಳು. ಚೌರಪ್ಪ ಫೋನ್ ಮಾಡಿದರು, ಆದರೆ ಮೆಟ್ಟಿಲು ಇಳಿಯಲಿಲ್ಲ. ನಾಗವೇಣಿ ಒಬ್ಬಳೇ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಪಟಾಕಿ ಹೊಡೆದ ಹಳ್ಳಿಯ ಅಂಜನಪ್ಪ ಚಲಪತಿಯ ಮಚ್ಚಿನೇಟಿಗೆ ಸತ್ತಿದ್ದ. ಆ ಹೊಡೆದಾಟದಲ್ಲಿ ಚಲಪತಿಯ ಬಲಗೈ ತುಂಡಾಗಿತ್ತು. ಪೊಲೀಸ್ ಕಾವಲಿನಲ್ಲಿ ಅವನನ್ನು ಕೃಷ್ಣಗಿರಿಯ ಆಸ್ಪತ್ರೆಗೆ ಸೇರಿಸಿದ್ದರು.

ಮೂರನೆಯ ದಿನ ಚೌರಪ್ಪ ಬಸ್ಸು ಹತ್ತಿ ಅಲ್ಲಿಗೆ ಹೋದರು. ಚಲಪತಿ ಮುಖ ತಿರುಗಿಸಿಕೊಂಡೇ ಕೇಳಿದ:

"ಅತ್ಗೆ ಕರ್ಯಾಕೆ ಬಂದಿದ್ಲಂತಲ್ಲ. ಯಾಕ್ ಬರ್ಲಿಲ್ಲ ಸಾಮಿ? ನೀವ್ ಅಡ್ಡ ಬಂದಿದ್ರೆ ನಾನ್ ನಿಂತ್ಬುಡ್ತಿದ್ದೆ."

"ಹೆದರ್ಕೊಂಡ್ಬುಟ್ಟೆ ಕಣಪ್ಪ" ಎಂದರು ಚೌರಪ್ಪ.

ಅಲ್ಲಿಂದ ನೇರ ಅಂಜನಪ್ಪನ ಮನೆಗೆ ಹೋದರು. ಅವನ ತಾಯಿ ವರಲಕ್ಷ್ಮಮ್ಮ, "ಈಗ್ಯಾಕ್ ಬಂದ್ರಿ?" ಎಂದು ಬಾಗಿಲು ಹಾಕಿಕೊಂಡಳು. ಸ್ವಾಮಿಗಳು ಹೊರಗೆ ಗೋಡೆಗೊರಗಿ ಸಂಜೆಯವರೆಗೆ ಕೂತಿದ್ದರು. ಮಾರನೆಯ ದಿನವೂ ಹೋದರು. ಈಗಲೂ ದಿನಕ್ಕೊಂದು ಹಳ್ಳಿಯಂತೆ ಎರಡು ಕಡೆಗೂ ಹೋಗಿ ಕೂತು ಬರುತ್ತಾರೆ. ರಾಜಿಯ ಮಾತನ್ನು ಇದುವರೆಗೆ ಯಾರೂ ಎತ್ತಿಲ್ಲ.